ಹಿಂದಿನ ಸೀಟಿನ ಇತಿಹಾಸ

ರಾಜರ ಇತಿಹಾಸಕ್ಕೆ ಶಾಸನಗಳುಂಟು. ನಮ್ಮ ಲಕ್ಕುಂಡಿಯಲ್ಲಂತೂ ಅವಕ್ಕೆ ಬರವಿಲ್ಲ. ಕ್ರಿ.ಶ. 1007ರ ಸುಮಾರಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಇಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಸಂಗತಿ ಕಲ್ಲಿನಲ್ಲಿ ಉಳಿದಿದೆ. ಆದರೆ ಆ ಬಸದಿಗೆ ಮಕ್ಕಳುಮರಿ ಕಟ್ಟಿಕೊಂಡು ಬಂದ ಸಂಸಾರಗಳು ಎಂಥ ಬಂಡಿಯಲ್ಲಿ ಬಂದವು, ಬಂಡಿಯೊಳಗೆ ಯಾರು ಮುಂದೆ ಕೂತರು, ಯಾರು ಹಿಂದೆ ಕೂತರು ಎಂಬುದನ್ನು ಯಾರೂ ಕೊರೆಸಿಡಲಿಲ್ಲ. ಸಂಸಾರದ ಇತಿಹಾಸ ಇಂಥ ಸಣ್ಣ ಸಂಗತಿಗಳಲ್ಲೇ ಇರುತ್ತದೆ. ಹೋದ ವರುಷ ನಮ್ಮ ತಮ್ಮ ತನ್ನ ಸಂಸಾರಕ್ಕೊಂದು ಗಾಡಿ ಕೊಳ್ಳಲು ಹೊರಟಾಗ ಈ ವಿಚಾರ ನನ್ನ ತಲೆ ಹೊಕ್ಕಿತು. ಅವನಿಗೆ ಮೂವರು ಹೆಣ್ಣುಮಕ್ಕಳು, ಕೊನೆಗೊಬ್ಬ ಗಂಡುಮಗ. ಗಂಡ, ಹೆಂಡತಿ, ನಮ್ಮ ಅವ್ವ ಸೇರಿದರೆ ಏಳು ಜನ. ಏಳು ಜನರಿಗೆ ಏಳು ಸೀಟು. ಇದರಲ್ಲಿ ಲೆಕ್ಕ ಹಾಕುವುದೇನಿದೆ ಎಂದು ನೀವು ಕೇಳಬಹುದು. ಲೆಕ್ಕ ಅಷ್ಟು ಸುಲಭದ್ದಲ್ಲ.

ಮೊದಲು ಚಕ್ಕಡಿಯ ಮಾತು. ನಮ್ಮ ಎರಿಭೂಮಿಯ ಊರುಗಳಲ್ಲಿ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಇಡೀ ಮನೆ ಹೊಲಕ್ಕೆ ಹೋಗುತ್ತಿದ್ದುದು ಚಕ್ಕಡಿಯಲ್ಲಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಬನಶಂಕರಿ ಜಾತ್ರೆಗೆ ಹೋಗುತ್ತಿದ್ದುದೂ ಅದರಲ್ಲೇ. ದೂರದ ದಾರಿಯಾದರೆ ಮೇಲೆ ಕೊಲ್ಲಾರಿ ಕಟ್ಟಿ, ಕೆಳಗೆ ಹುಲ್ಲು ಹಾಸಿ, ಅದರ ಮೇಲೊಂದು ಕೌದಿ ಹರವುತ್ತಿದ್ದರು. ಚಕ್ಕಡಿಗೆ ಸೀಟಿಲ್ಲ, ಆದ್ದರಿಂದ ಸೀಟಿನ ಎಣಿಕೆಯೂ ಇಲ್ಲ. ಆದರೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೂಡಬಹುದಿತ್ತು ಎಂದು ತಿಳಿಯಬೇಡಿ. ಎರಡು ಗಾಲಿಯ ಗಾಡಿ ತಕ್ಕಡಿ ಇದ್ದಂತೆ. ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ. ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಅದಕ್ಕೇ ಹೊಡೆಯುವವನು ಮುಂದೆ, ಕಾಲು ಇಳಿಬಿಟ್ಟು ಕೂಡುವ ಪ್ರಾಯದ ಗಂಡಸರು ಹಿಂದೆ, ಮಕ್ಕಳು, ಬಾಣಂತಿಯರು, ಮುದುಕಿಯರು ಅಚ್ಚಿನ ಆಸುಪಾಸಿನಲ್ಲಿ ನಟ್ಟನಡುವೆ. ಓಲಾಟ ಕಡಿಮೆ ಇರುವ ಜಾಗವೂ ಅದೇ, ಜಾರಿ ಬೀಳುವ ಭಯ ಇಲ್ಲದ ಜಾಗವೂ ಅದೇ. ಇದನ್ನು ಯಾರೂ ಪುಸ್ತಕ ಓದಿ ಕಲಿತದ್ದಲ್ಲ. ಎತ್ತಿನ ಹೆಗಲೇ ಕಲಿಸಿದ ಪಾಠ.

1880ರ ದಶಕದಲ್ಲಿ ಗದಗಿಗೆ ರೈಲು ಬಂತು. ಆಮೇಲೆ ಟಾಂಗಾ, ಆಮೇಲೆ ಬಸ್ಸು. ರೈಲು ಬಸ್ಸುಗಳಲ್ಲಿ ಮಕ್ಕಳನ್ನು ಅರ್ಧ ಟಿಕೀಟಿನ ಲೆಕ್ಕದಲ್ಲಿ ಎಣಿಸಿದರು. ಅರ್ಧ ಟಿಕೀಟಿಗೂ ಕಡಿಮೆಯಾದವರು ತೊಡೆಯ ಮೇಲೆ. ಸ್ವಂತ ಕಾರು ಎಂಬುದು ಸಾಹುಕಾರರ, ಡಾಕ್ಟರರ ಮಾತಾಗಿತ್ತು. ಅಂಬಾಸಿಡರ್ ಕಾರಿನಲ್ಲಿ ಸೀಟು ಐದಾದರೂ ಮದುವೆಯ ದಿಬ್ಬಣದಲ್ಲಿ ಅದು ಹತ್ತು ಜನರನ್ನು ನುಂಗುತ್ತಿತ್ತು. ಅದೇ ಕಾಲಕ್ಕೆ ಗೋಡೆಗೋಡೆಗಳ ಮೇಲೆ ಕೆಂಪು ತ್ರಿಕೋನ ಮೂಡಿತು. ಆರತಿಗೊಬ್ಬಳು ಕೀರ್ತಿಗೊಬ್ಬ ಎಂಬ ಘೋಷಣೆ ಬಂತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಈ ಘೋಷಣೆಗೆ ಹೇಳಿ ಮಾಡಿಸಿದ ಕಾರು. ಗಂಡ, ಹೆಂಡತಿ, ಆರತಿ, ಕೀರ್ತಿ, ನಾಲ್ವರಿಗೆ ಸರಿಹೋಯಿತು. ನಾಲ್ಕೈದು ಮಕ್ಕಳ ಮನೆಗೆ ಅಂಥ ಕಾರು ಎಲ್ಲಿತ್ತು?

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. ಈ ಪ್ರಶ್ನೆ ನಮ್ಮ ನಾಡಿನದಷ್ಟೇ ಆಗಿರಲಿಲ್ಲ. 1983ರ ಕೊನೆಗೆ ಕ್ರೈಸ್ಲರ್ ಕಂಪನಿ ತನ್ನ ಹೊಸ ಮಾದರಿಯ ವ್ಯಾನನ್ನು ತಯಾರಿಸತೊಡಗಿತು. ಕಾರಿನಂತೆ ಓಡಬೇಕು, ಮನೆಯ ಗ್ಯಾರೇಜಿನಲ್ಲಿ ನಿಲ್ಲಬೇಕು, ಏಳು ಜನ ಕೂಡಬೇಕು ಎಂಬುದು ಅದರ ಸೂತ್ರ. ಅಮೆರಿಕನ್ನರು ಅದನ್ನು ಮಿನಿವ್ಯಾನ್ ಎಂದು ಕರೆದರು. ಅದಕ್ಕೆ ಪಕ್ಕಕ್ಕೆ ಸರಿಯುವ ಬಾಗಿಲು ಒಂದೇ, ಅದೂ ಬಲಗಡೆಗೆ. ಅಲ್ಲಿ ಗಾಡಿ ರಸ್ತೆಯ ಬಲಕ್ಕೆ ಓಡುವುದರಿಂದ ಮಕ್ಕಳು ಇಳಿಯುವುದು ಕಾಲುದಾರಿಯ ಕಡೆಗೇ. 1984ರಲ್ಲಿ ಫ್ರಾನ್ಸಿನಲ್ಲಿ ರೆನೋ ಕಂಪನಿಯ ಎಸ್ಪಾಸ್ ಬಂತು. ಅದೇ 1984ರಲ್ಲಿ ನಮ್ಮಲ್ಲಿ ಮಾರುತಿ ವ್ಯಾನ್ ಬಂತು. ಮೂರು ಖಂಡಗಳಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ದೊಡ್ಡ ಸಂಸಾರಕ್ಕೆ ಬಾಗಿಲು ತೆರೆಯಿತು. ವ್ಯತ್ಯಾಸವಿಷ್ಟೇ: ಅವರದು ಸಂಸಾರಕ್ಕೆಂದೇ ಹೊಸದಾಗಿ ಮಾಡಿದ ಗಾಡಿ. ನಮ್ಮದು ಸುಜುಕಿ ಕಂಪನಿಯ ಕ್ಯಾರಿ ಎಂಬ ಸಾಮಾನು ಸಾಗಿಸುವ ಸಣ್ಣ ಗಾಡಿಯ ಕುಲದ್ದು.

ಕುಲ ಯಾವುದಾದರೇನು, ನಮ್ಮ ಜನ ಅದನ್ನು ಅಪ್ಪಿಕೊಂಡರು. 1988ರಲ್ಲಿ ಅದಕ್ಕೆ ಓಮ್ನಿ ಎಂದು ಹೆಸರಿಟ್ಟರೂ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಅದು ಕೊನೆಯವರೆಗೆ ಬರೀ ‘ವ್ಯಾನ್’. ಕನ್ಯಾ ನೋಡಲು ಹೋಗುವುದಕ್ಕೆ ಅದೇ, ಬಾಣಂತಿಯನ್ನು ಕರೆತರುವುದಕ್ಕೆ ಅದೇ, ಸಾಲಿಯ ಮಕ್ಕಳನ್ನು ಒಯ್ಯುವುದಕ್ಕೂ ಅದೇ. 796 ಸಿಸಿಯ ಪುಟ್ಟ ಎಂಜಿನ್ನು. ಎರಡೂ ಬದಿಗೆ ಸರಿಯುವ ಬಾಗಿಲು. ಎಂಟು ಸೀಟಿನ ಮಾದರಿಯೂ ಇತ್ತು. ಸಣ್ಣ ಓಣಿಯಲ್ಲಿ ತಿರುಗುತ್ತಿತ್ತು, ಮುದುಕರು ಸಲೀಸಾಗಿ ಹತ್ತುತ್ತಿದ್ದರು. ಕೊರತೆ ಇದ್ದದ್ದು ಮುಂದೆ. ಎಂಜಿನ್ನು ಮುಂದಿನ ಸೀಟಿನ ಕೆಳಗೆ ಇದ್ದುದರಿಂದ ಗಾಡಿಗೆ ಮೂತಿಯೇ ಇರಲಿಲ್ಲ. ಡಿಕ್ಕಿಯಾದರೆ ಮುಂದೆ ಕೂತವರ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಇದ್ದದ್ದು ಒಂದು ತಗಡು. ಡಿಕ್ಕಿಯ ಪರೀಕ್ಷೆಯ ಹೊಸ ನಿಯಮಗಳು ಬಂದಾಗ ಅದಕ್ಕೆ ಹೊಂದಿಕೊಳ್ಳಲು ಆಗಲಿಲ್ಲ. 35 ವರ್ಷ ಓಡಿದ ಮೇಲೆ 2019ರಲ್ಲಿ ಅದರ ತಯಾರಿಕೆ ನಿಂತಿತು.

ಇನ್ನೂ ಹೆಚ್ಚು ಜನರ ಮನೆಗಳು ಬೇರೆ ದಾರಿ ಹುಡುಕಿದ್ದವು. ಬಜಾಜ್ ಟೆಂಪೋ ಕಂಪನಿಯ ಮ್ಯಾಟಡೋರ್ ಮತ್ತು ಟ್ರ್ಯಾಕ್ಸ್ ನಮ್ಮ ಕೆಟ್ಟ ರಸ್ತೆಗಳಿಗೆ ಒಗ್ಗಿದವು. 1994ರಲ್ಲಿ ಟಾಟಾ ಸುಮೋ ಬಂತು. ಜಪಾನಿನ ಕುಸ್ತಿಪಟುವಿನ ಹೆಸರು ಎಂದು ಬಹಳ ಮಂದಿ ತಿಳಿದಿದ್ದರು. ಅದು ಟಾಟಾ ಕಂಪನಿಯ ಸುಮಂತ್ ಮೂಳಗಾಂವಕರ್ ಅವರ ಹೆಸರಿನ ಎರಡು ಮೊದಲಕ್ಷರ. ಸುಮೋದ ಹಿಂಬದಿಯಲ್ಲಿ ಎದುರುಬದುರಾಗಿ ಅಡ್ಡ ಸೀಟುಗಳು. ಮಕ್ಕಳಿಗೆ ಅಲ್ಲಿ ಕೂಡುವುದೆಂದರೆ ಹಬ್ಬ. ಬ್ರೇಕು ಬಿದ್ದಾಗ ಮಾತ್ರ ಎಲ್ಲರೂ ಮುಂದಕ್ಕೆ ಕಾಳಿನ ಚೀಲದಂತೆ ಒಬ್ಬರ ಮೇಲೊಬ್ಬರು. 2000ನೇ ಇಸವಿಯ ಜನವರಿಯಲ್ಲಿ ಬಿಡದಿಯ ಕಾರಖಾನೆಯಿಂದ ಟೊಯೊಟಾ ಕಿರ್ಲೋಸ್ಕರ್ ಕಂಪನಿಯ ಕ್ವಾಲಿಸ್ ಹೊರಬಿತ್ತು. ಈ ಕಿರ್ಲೋಸ್ಕರ್ ಮನೆತನದ ಮೂಲಪುರುಷ ಲಕ್ಷ್ಮಣರಾಯರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಎರಡು ಗಾಲಿಯಿಂದ ಎಂಟು ಹತ್ತು ಜನರ ಗಾಡಿಗೆ ಬರಲು ನೂರು ವರ್ಷದ ಮೇಲೆ ಹಿಡಿಯಿತು. 2005ರಲ್ಲಿ ಕ್ವಾಲಿಸ್ ಹೋಗಿ ಇನ್ನೋವಾ ಬಂತು. 2012ರಲ್ಲಿ ಮಾರುತಿಯ ಎರ್ಟಿಗಾ. 2019ರಲ್ಲಿ ರೆನೋ ಟ್ರೈಬರ್.

ಈ ಇತಿಹಾಸವನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ರಜೆಯ ದಿನ ನಮ್ಮೂರ ಕಾಶಿವಿಶ್ವೇಶ್ವರ ಗುಡಿಯ ಹತ್ತಿರ ನಿಲ್ಲಬೇಕು. ಗದಗಿನಿಂದ ಹನ್ನೆರಡು ಕಿಲೋಮೀಟರಿನ ದಾರಿ. ಹುಬ್ಬಳ್ಳಿಯಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿ ಊರಿಗೆ ಹತ್ತಿ ಇರುವುದರಿಂದ ಹಂಪಿಗೆ ಹೊರಟ ಸಂಸಾರಗಳು ಇಲ್ಲಿ ಇಳಿಯುತ್ತವೆ. ನಾನು ಗಮನಿಸಿದ್ದು ಇಳಿಯುವ ಕ್ರಮವನ್ನು. ಮೊದಲು ಮುಂದಿನ ಬಾಗಿಲು ತೆರೆದು ಯಜಮಾನ; ಅವನ ತೊಡೆಯ ಮೇಲಿಂದ ಗಂಡು ಕೂಸು. ಆಮೇಲೆ ನಡುವಿನ ಸಾಲಿನ ಹಿರಿಯರು, ಹೆಂಗಸರು. ಆಮೇಲೆ ಸೀಟು ಮಡಿಚಿ, ಹಿಂದಿನ ಸಾಲಿನಿಂದ ಕೂದಲು ಕೆದರಿದ ಎರಡು ಮೂರು ಹುಡುಗಿಯರು. ಅವರಲ್ಲೊಬ್ಬಳು ಇಳಿದವಳೇ ರಸ್ತೆಯ ಬದಿಗೆ ಓಡಿ ವಾಂತಿ ಮಾಡಿಕೊಳ್ಳುತ್ತಾಳೆ. “ಇಕಿಗೆ ಗಾಡಿ ಆಗೂದಿಲ್ಲರಿ” ಎಂದು ತಾಯಿ ಯಾರಿಗೋ ಹೇಳುತ್ತಾಳೆ. ಗುಡಿಯಲ್ಲಿ ಶಿವನ ಎದುರಿಗೆ ಸೂರ್ಯನಿಗೂ ಒಂದು ಗರ್ಭಗುಡಿಯಿದೆ. ಆ ದೇವರ ರಥಕ್ಕೆ ಕುದುರೆ ಏಳು. ನಮ್ಮ ಗಾಡಿಗೆ ಎಂಜಿನ್ನು ಒಂದು, ಸೀಟು ಏಳು. ಆ ಏಳೂ ಒಂದೇ ಸಮನಲ್ಲ ಎಂಬುದು ವಾಂತಿ ಮಾಡುವ ಹುಡುಗಿಗೆ ಮಾತ್ರ ಗೊತ್ತು.

ಯಾಕೆಂದರೆ ಹಿಂದಿನ ಸಾಲು ಇರುವುದು ಹಿಂದಿನ ಗಾಲಿಯ ಮೇಲೆಯೇ, ಇಲ್ಲವೇ ಅದರ ಹಿಂದೆ. ಗುಂಡಿಯ ಪೆಟ್ಟೆಲ್ಲ ನೇರ ಅಲ್ಲಿಗೇ. ಕಿಟಕಿ ಸಣ್ಣದು, ಹಲವು ಗಾಡಿಗಳಲ್ಲಿ ತೆರೆಯುವುದೂ ಇಲ್ಲ. ಬೆನ್ನಿಗೂ ಹಿಂದಿನ ಬಾಗಿಲಿಗೂ ನಡುವೆ ಒಂದು ಗೇಣಿನ ಅಂತರ. ಚಕ್ಕಡಿಯಲ್ಲಿ ನಟ್ಟನಡುವೆ ಕೂತಿದ್ದ ಮಗು ಮೋಟಾರು ಗಾಡಿಯಲ್ಲಿ ತುದಿಗೆ ಹೋಯಿತು. ಎತ್ತಿನ ಹೆಗಲು ನೋಯುತ್ತಿತ್ತು, ಆದ್ದರಿಂದ ನಾವು ಲೆಕ್ಕ ತಪ್ಪುತ್ತಿರಲಿಲ್ಲ. ಎಂಜಿನ್ನಿಗೆ ಹೆಗಲಿಲ್ಲ, ನೋವು ಮಗುವಿನದಾಯಿತು, ಹೆಸರು “ಗಾಡಿ ಆಗೂದಿಲ್ಲ” ಎಂದಾಯಿತು.

ತಮ್ಮನ ಮನೆಯಲ್ಲೂ ಎರಡನೆಯ ಹುಡುಗಿಗೆ ಇದೇ ಹೆಸರು ಬಿದ್ದಿತ್ತು. ಬಾಡಿಗೆ ಗಾಡಿಯಲ್ಲಿ ಎಲ್ಲಿಗೆ ಹೋದರೂ ಅವಳ ಜಾಗ ಹಿಂದೆ. ಒಂದೆರಡು ಸಲ ಅವಳನ್ನು ಊರಲ್ಲೇ ಬಿಟ್ಟು ಹೋದದ್ದೂ ಉಂಟು. ಹಾಗಾಗಿ ಗಾಡಿ ನೋಡಲು ಹೊರಟಾಗ ನಾನು ತಮ್ಮನಿಗೆ ಹೇಳಿದೆ: ಮುಂದಿನಿಂದ ನೋಡಬೇಡ, ಹಿಂದಿನಿಂದ ನೋಡು. ಮೊದಲು ಹುಡುಗಿಯರು ಹತ್ತಲಿ, ಆಮೇಲೆ ಅವ್ವ, ಕೊನೆಗೆ ನೀನು.

ಹಾಗೆ ನೋಡಿದಾಗ ಕಂಡದ್ದು ಬೇರೆಯೇ. ಟ್ರೈಬರ್ ನಾಲ್ಕು ಮೀಟರಿನೊಳಗಿನ ಗಾಡಿ. ಏಳು ಸೀಟು ಕೊಟ್ಟಿರುವುದೇ ಒಂದು ಚಮತ್ಕಾರ. ಹಿಂದಿನ ಸಾಲನ್ನು ಕಿತ್ತು ಮನೆಯಲ್ಲಿಡಬಹುದು. ಆದರೆ ಏಳೂ ಸೀಟು ಹಾಕಿದರೆ ಸಾಮಾನಿಗೆ ಉಳಿಯುವುದು 84 ಲೀಟರಿನಷ್ಟು ಜಾಗ. “ಬುತ್ತಿಗಂಟು ಎಲ್ಲಿ ಇಡೂದರಿ? ಅದೂ ಒಂದು ಸೀಟ ಬೇಡತೈತಿ” ಎಂದಳು ತಮ್ಮನ ಹೆಂಡತಿ. ಎರ್ಟಿಗಾದಲ್ಲಿ ಅದು 209 ಲೀಟರ್. ಬುತ್ತಿ ಹಿಡಿಯುತ್ತದೆ, ಹಾಸಿಗೆಯ ಸುರುಳಿ ಹಿಡಿಯುವುದಿಲ್ಲ. ಇನ್ನೋವಾದಲ್ಲಿ ಹಿಂದಿನ ಸಾಲು ವಿಶಾಲ. ನೆಲ ಎತ್ತರ, “ನನಗ ಏಣಿ ತರಬೇಕಾತು ನೋಡಪಾ” ಎಂದಳು ಅವ್ವ. ಬೆಲೆಯೂ ಏಣಿಯಷ್ಟೇ ಎತ್ತರ. ಏಳು ಸೀಟಿನ ಇನ್ನೋವಾದ ನಡುಸಾಲಿನಲ್ಲಿ ಇಬ್ಬರಿಗೆ ಬಿಡಿಬಿಡಿ ಕುರ್ಚಿ. ಎಂಟು ಸೀಟಿನದರಲ್ಲಿ ಮೂವರ ಬೆಂಚು. ಮಕ್ಕಳ ಮನೆಗೆ ಬೆಂಚೇ ಸರಿ. ಎರ್ಟಿಗಾದಲ್ಲೂ ಅಂಥದೇ ಬೆಂಚು, ಹಿಂದೆ ಮುಂದೆ ಸರಿಯುವಂಥದು. ಬೆಲೆ, ನೆಲ, ಬೆಂಚು ಮೂರೂ ಕೂಡಿಬಂದದ್ದು ಅಲ್ಲೇ, ತಮ್ಮ ಅದನ್ನೇ ಕೊಂಡ. ಹಾಸಿಗೆಯ ಸುರುಳಿಗೆ ಮೇಲೆ ಕ್ಯಾರಿಯರ್ ಹಾಕಿಸಿದ.

ಇನ್ನೊಂದು ಮಾತು ಬೇಕು. 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಗಾಡಿ ಓಡಿಸಿದರೆ 1000 ರೂಪಾಯಿ ದಂಡ. ಅಂದರೆ ತೊಡೆಗೆ ಈಗ ಕಾನೂನಿನಲ್ಲಿ ಸೀಟಿನ ಸ್ಥಾನ ಇಲ್ಲ. ಗಂಡುಮಗ ಮುಂದೆ ಅಪ್ಪನ ತೊಡೆಯ ಮೇಲೆ ರಾಜನಂತೆ ಕೂಡುವ ಪದ್ಧತಿ ಪ್ರೀತಿಯಂತೆ ಕಾಣುತ್ತದೆ. ಡಿಕ್ಕಿಯಾದಾಗ ದೊಡ್ಡವರ ಮೈಭಾರವೆಲ್ಲ ಅವನ ಮೇಲೆಯೇ ಬರುತ್ತದೆ. ಆ ಸಣ್ಣವನಿಗೆ ನಡುಸಾಲಿನ ಅಂಚಿನಲ್ಲಿ ಮಕ್ಕಳ ಸೀಟು ಕಟ್ಟಿದೆವು. ಮಡಿಚಿ ಹಿಂದಕ್ಕೆ ದಾರಿ ಮಾಡುವ ಬದಿಗೆ ಕಟ್ಟಬಾರದು. ಕಟ್ಟಿದರೆ ಹಿಂದಿನವರು ಒಳಗೇ ಸಿಕ್ಕಿಬೀಳುತ್ತಾರೆ. ಎರಡನೆಯ ಹುಡುಗಿ ಅವನ ಪಕ್ಕದಲ್ಲಿ, ಅವಳ ಪಕ್ಕಕ್ಕೆ ಬಾಗಿಲ ಹತ್ತಿರ ಅವ್ವ. ಹಿರಿಯ ಹುಡುಗಿ ಮುಂದೆ ಅಪ್ಪನ ಪಕ್ಕ. ಎತ್ತರಕ್ಕೆ ಬೆಳೆದವಳು, ಬೆಲ್ಟು ಸರಿಯಾಗಿ ಹೆಗಲಿಗೆ ಬರುತ್ತದೆ. ಹಿಂದಿನ ಸಾಲಿನಲ್ಲಿ ತಮ್ಮನ ಹೆಂಡತಿ ಮತ್ತು ಮೂರನೆಯವಳು. ಈ ಹೊಂದಿಕೆ ಅವಳದೇ. “ಒಮ್ಮೆ ನಾ ಕೂತು ನೋಡತೇನಿ” ಎಂದು ಹಿಂದೆ ಹತ್ತಿದ್ದಳು. ಬಾದಾಮಿಗೆ ಹೋಗಿಬಂದ ದಿನ ಎರಡನೆಯ ಹುಡುಗಿ ವಾಂತಿ ಮಾಡಲಿಲ್ಲ. ತಾಯಿಗೆ ತಲೆ ಸುತ್ತಿತ್ತು.

ಈಗ ಮಕ್ಕಳೇ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಆದರೂ ಮೂರು ಸಾಲಿನ ಗಾಡಿಗಳು ಮಾರಾಟವಾಗುತ್ತಲೇ ಇವೆ. ಎರಡು ಮಕ್ಕಳ ಮನೆಗೂ ಅಜ್ಜ, ಅಜ್ಜಿ, ಅತ್ತೆ, ಸೋದರಮಾವ ಇದ್ದೇ ಇರುತ್ತಾರೆ. ಕೊಳ್ಳುವವರು ಮೈಲೇಜು ಕೇಳಲಿ, ಬೆಲೆ ಕೇಳಲಿ, 2023ರಿಂದ ನಮ್ಮ ದೇಶದಲ್ಲೇ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎಷ್ಟು ಚುಕ್ಕೆ ಬಂದಿವೆ ಎಂದು ಕೇಳಲಿ. ಎಲ್ಲ ಕೇಳಿದ ಮೇಲೆ ಮನೆಯ ಯಜಮಾನ ಹಿಂದಿನ ಸಾಲಿಗೆ ತಾನೇ ಹತ್ತಿ, ಬಾಗಿಲು ಹಾಕಿಸಿಕೊಂಡು, ಲಕ್ಕುಂಡಿಯಿಂದ ಗದಗಿನವರೆಗೆ ಒಮ್ಮೆ ಹೋಗಿ ಬರಲಿ. ಹನ್ನೆರಡು ಕಿಲೋಮೀಟರು ಸಾಕು.