ವೈದೇಹಿ

ವೈದೇಹಿ (ಜನನ 12 ಫೆಬ್ರವರಿ 1945): ಕನ್ನಡದ ಕಥೆಗಾರ್ತಿ, ಕವಯಿತ್ರಿ, ಪ್ರಬಂಧಕಾರ್ತಿ, ಕುಂದಾಪುರ ಸೀಮೆಯ ಕನ್ನಡವನ್ನು ಗ್ರಂಥಸ್ಥ ಗದ್ಯದ ನಡುಮನೆಗೆ ತಂದವರಲ್ಲಿ ಅಗ್ರಗಣ್ಯರು. ನಿಜನಾಮ ಜಾನಕಿ. ಮೂರು ದಿಕ್ಕುಗಳಲ್ಲಿಯೂ ನೀರು ಆವರಿಸಿರುವ ಕುಂದಾಪುರದಲ್ಲಿ, ನ್ಯಾಯವಾದಿ ಎ.ವಿ.ಎನ್. ಹೆಬ್ಬಾರ್ ಮತ್ತು ಮಹಾಲಕ್ಷ್ಮಿ ದಂಪತಿಗಳ ತುಂಬುಸಂಸಾರದಲ್ಲಿ ಜನಿಸಿ, ಅಲ್ಲಿಯ ಭಂಡಾರ್ಕರ್ಸ್ ಕಾಲೇಜಿನಲ್ಲಿ ವಾಣಿಜ್ಯ ಪದವಿಯನ್ನು ಪಡೆದರು. ಕೆ.ಎಲ್. ಶ್ರೀನಿವಾಸಮೂರ್ತಿಯವರನ್ನು ವಿವಾಹವಾಗಿ ಕೆಲಕಾಲ ಶಿವಮೊಗ್ಗದಲ್ಲಿದ್ದು, ತರುವಾಯ ಉಡುಪಿ–ಮಣಿಪಾಲ ಪರಿಸರದಲ್ಲಿ ನೆಲಸಿದರು.

ಕಾವ್ಯನಾಮ: ‘ಸುಧಾ’ ಪತ್ರಿಕೆಗೆ ಕಥೆಯೊಂದನ್ನು ಕಳುಹಿಸಿದ ಬಳಿಕ, ಅದರಲ್ಲಿ ನಿಜಜೀವನದ ವೃತ್ತಾಂತವೇ ಅಡಕವಾಗಿದ್ದುದರಿಂದ ಪ್ರಕಟಿಸಬಾರದೆಂದು ಲೇಖಕಿ ಕೋರಲಾಗಿ, ಸಂಪಾದಕರು ಕಥೆಯನ್ನು ಉಳಿಸಿಕೊಂಡು ಹೆಸರನ್ನು ಮಾತ್ರ ‘ವೈದೇಹಿ’ ಎಂದು ಬದಲಿಸಿದರು. ಜಾನಕಿಗೆ ವೈದೇಹಿ ಪರ್ಯಾಯನಾಮವೇ ಆದುದರಿಂದ ಮರೆಯು ತೆಳುವಾದುದೇ.

ಭಾಷೆ: ಇಂದಿನ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ವ್ಯಾಪಿಸಿರುವ, ವೈದೇಹಿಯವರ ಬರಹಕ್ಕೆ ಆಧಾರವಾದ ಉಪಭಾಷೆಯನ್ನು ಜನರು ಕುಂದಗನ್ನಡ, ಕುಂದಾಪ್ರ ಕನ್ನಡ ಎಂದೆಲ್ಲ ಕರೆಯುವರು, ದಕ್ಷಿಣಕ್ಕೆ ಸಾಗಿದಂತೆ ತುಳುವಿನ ಪ್ರಾಬಲ್ಯ. ಹೊರಗಿನವರ ಕಿವಿಗೆ ಬರಿಯ ಅವಸರದ ಉಚ್ಚಾರಣೆಯಂತೆ ಕೇಳುವ ಇದರ ಅನೇಕ ರೂಪಗಳು ವಸ್ತುತಃ ಪ್ರಾಚೀನವಾದುವು. ಉಂಬುಕೆ, ತಿಂಬುಕೆ, ಕಾಂಬುಕೆ, ಹೋಪುಕೆ, ಬಪ್ಪುಕೆ (ಉಣ್ಣಲು, ತಿನ್ನಲು, ನೋಡಲು, ಹೋಗಲು, ಬರಲು) ಎಂಬಲ್ಲಿ ಹಳಗನ್ನಡದ ಉಣ್ಬ, ತಿಂಬ, ಕಾಣ್ಬ, ಪೋಪ, ಬರ್ಪ ಎಂಬ ಕೃದಂತಗಳ ಪ್ರತ್ಯಯವು ಇಂದಿಗೂ ಜೀವದಿಂದಿದೆ. ‘ನೋಡು’ ಧಾತುವಿನ ಸ್ಥಾನದಲ್ಲಿ ‘ಕಾಣ್’ ನಿಂತಿದೆ. ಹೆಣ್, ಕಾಲ್ ಮುಂತಾದ ವ್ಯಂಜನಾಂತಗಳನ್ನು ಮಾತ್ರ ಹಳೆಯ ಸ್ಥಿತಿಯ ಅವಶೇಷವೆಂದೂ ಹೇಳಬಹುದು, ಪದಾಂತ್ಯದ ಉಕಾರವು ಈಚೆಗೆ ಲೋಪವಾದುದರ ಫಲವೆಂದೂ ಹೇಳಬಹುದು. ಮಾಡಬೇಕು, ಹೋಗಬೇಕು ಎಂಬುವು ಮಾಡ್ಕ್, ಹೋಯ್ಕ್ ಎಂದು ಸಂಕೋಚಗೊಂಡುದನ್ನು ನೋಡಿದರೆ ಎರಡನೆಯ ಪಕ್ಷವೇ ಬಲವಾದುದೆಂದು ತೋರುತ್ತದೆ.

ಇದೇ ನೆಲದ ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರೂ ಮೊಗೇರಿಯ ಗೋಪಾಲಕೃಷ್ಣ ಅಡಿಗರೂ ಊರನ್ನು ಕೃತಿಗಳೊಳಗೆ ತಂದರಾದರೂ, ಅವರ ನಿರೂಪಣೆಯು ಪ್ರಾಯಶಃ ಶಿಷ್ಟಕನ್ನಡದ್ದೇ. ವೈದೇಹಿಯವರಲ್ಲಿ ಆಡುನುಡಿಯು ಪಾತ್ರಗಳ ಸಂಭಾಷಣೆಯನ್ನು ದಾಟಿ ಕಥೆ ಹೇಳುವ ದನಿಯೊಳಕ್ಕೇ ಇಳಿಯುತ್ತದೆ. ಅಡುಗೆಮನೆ, ಬಾವಿಕಟ್ಟೆ, ಹಿತ್ತಿಲುಗಳಲ್ಲಿ ಹೆಂಗಸರು ತಮ್ಮತಮ್ಮೊಳಗೆ ಆಡಿಕೊಳ್ಳುವ, ಅರ್ಧಕ್ಕೇ ನಿಲ್ಲುವ ಮಾತಿನ ಧಾಟಿಯೇ ಅಲ್ಲಿ ವಾಕ್ಯರಚನೆಯನ್ನು ನಿಯಮಿಸುತ್ತದೆ. ಆಡುನುಡಿಯಲ್ಲಿ ಬರೆಯುವುದಕ್ಕೆ ಬೇರೊಂದು ಮಾದರಿಯೂ ಉಂಟು: ಇಂಗ್ಲೆಂಡ್–ಫ್ರಾನ್ಸ್‌ಗಳ ನಡುವಣ ಗರ್ನ್‌ಸೀ ದ್ವೀಪದಲ್ಲಿ ಜಾರ್ಜ್ ಮೆಟಿವಿಯೆ (1790–1881) ಎಂಬ ಕವಿ ತನ್ನ ನಾರ್ಮನ್ ಮಾತೃಭಾಷೆಯಲ್ಲಿ ಪದ್ಯ ರಚಿಸಿದುದಲ್ಲದೆ, 1870ರಲ್ಲಿ ಅದರ ನಿಘಂಟನ್ನೂ ಪ್ರಕಟಿಸಿದನು. ವೈದೇಹಿಯವರದು ಅಂತಹ ಸಂಗ್ರಾಹಕನ ಮಾರ್ಗವಲ್ಲ; ನುಡಿಯನ್ನು ಉಳಿಸುವ ಸಂಕಲ್ಪಕ್ಕಿಂತ, ಈ ಸಂಗತಿಗಳು ಬೇರೆ ನುಡಿಯಲ್ಲಿ ಒದಗಲಾರವೆಂಬ ಅನಿವಾರ್ಯತೆಯೇ ಇಲ್ಲಿ ಪ್ರೇರಕವೆನ್ನಬಹುದು.

ಕೃತಿಗಳು: ‘ಮರ ಗಿಡ ಬಳ್ಳಿ’ (1979) ಮೊದಲ ಕಥಾಸಂಕಲನ, ‘ಅಂತರಂಗದ ಪುಟಗಳು’, ‘ಗೋಲ’, ‘ಅಮ್ಮಚ್ಚಿಯೆಂಬ ನೆನಪು’ ಅನಂತರದವು. ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ‘ಅಸ್ಪೃಶ್ಯರು’ ಕಾದಂಬರಿ. ‘ಬಿಂದು ಬಿಂದಿಗೆ’, ‘ಪಾರಿಜಾತ’ ಕವನಸಂಗ್ರಹಗಳು. ಕಥೆಗಳ ಕೀರ್ತಿಯ ನೆರಳಿನಲ್ಲಿ ಇವುಗಳಿಗೆ ಸಲ್ಲಬೇಕಾದ ವಿಮರ್ಶೆ ಸಂದಿಲ್ಲ. ಮಕ್ಕಳಿಗಾಗಿ ಹಲವು ನಾಟಕಗಳನ್ನು ರಚಿಸಿರುವುದಲ್ಲದೆ, ರಂಗಕರ್ಮಿ ಬಿ.ವಿ. ಕಾರಂತರ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ನಿರೂಪಿಸಿದ್ದಾರೆ.

ಚಲನಚಿತ್ರ: ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ‘ಗುಲಾಬಿ ಟಾಕೀಸ್’ ನಿರ್ದೇಶಿಸಿದರು, ನಾಯಕಿ ಉಮಾಶ್ರೀ ರಾಷ್ಟ್ರಪ್ರಶಸ್ತಿಗೆ ಪಾತ್ರರಾದರು. ಕಥೆಯ ಕೇಂದ್ರ ಊರಿಗೆ ಬಂದ ಚಿತ್ರಮಂದಿರ. ಚಿತ್ರದ್ದಾದರೋ ಮೀನುಗಾರರ ಕೇರಿಯ ಮುಸ್ಲಿಂ ಸೂಲಗಿತ್ತಿಯ ಮನೆಯಲ್ಲಿರುವ ದೂರದರ್ಶನದ ಪೆಟ್ಟಿಗೆ. ಆದಕಾರಣ ಇದನ್ನು ಕಥೆಯ ರೂಪಾಂತರವೆನ್ನುವುದಕ್ಕಿಂತ ಅದರಿಂದ ಹುಟ್ಟಿದ ಬೇರೊಂದು ಕೃತಿಯೆಂದು ಗಣಿಸುವುದು ಯುಕ್ತ.