ಹುಲಿಗೊಂದು ಗುಂಡು, ಕಾಟಿಗೊಂದು ಗುಂಡು

ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದ ಮೇಲೆ ಜಿಮ್ ಕಾರ್ಬೆಟ್ ಅದರ ಬಾಯಿ ಬಿಡಿಸಿ ನೋಡಿದರು. ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು, ಕೆಳಗಿನದು ಬುಡದವರೆಗೂ ಹೋಗಿತ್ತು. ಯಾರೋ ಎಂದೋ ಹೊಡೆದ ಈಡಿನ ಗುರುತು ಅದು. ತನ್ನ ಸಹಜ ಬೇಟೆಯನ್ನು ಹಿಡಿಯಲಾರದೆ ಹುಲಿ ಮನುಷ್ಯರತ್ತ ತಿರುಗಿತು. ಕಾರ್ಬೆಟ್ ಬರೆದಿಟ್ಟ ಲೆಕ್ಕದಂತೆ ಅದು ತೆಗೆದುಕೊಂಡ ಜೀವಗಳು 436.

ಯಾವ ಮಿಗಕ್ಕೆ ಯಾವ ತೋಟಾ ಎಂಬ ಪ್ರಶ್ನೆ ಬೇಟೆಗಾರರ ಹರಟೆಗಷ್ಟೇ ಸೇರಿದ್ದಲ್ಲ. ಗುರಿ ತಪ್ಪಿದರೆ, ಇಲ್ಲವೇ ಗುಂಡು ಹೋಗಬೇಕಾದಷ್ಟು ಆಳಕ್ಕೆ ಹೋಗದಿದ್ದರೆ, ಗಾಯಗೊಂಡ ಪ್ರಾಣಿ ಕಾಡು ಸೇರುತ್ತಿತ್ತು. ಅದರ ಫಲವನ್ನು ಉಣ್ಣುತ್ತಿದ್ದವರು ಸೌದೆಗೆ ಹೋದ ಹೆಂಗಸರು, ದನ ಕಾಯುವ ಹುಡುಗರು.

ಹತ್ತೊಂಬತ್ತನೇ ಶತಮಾನದಲ್ಲಿ ಇದಕ್ಕೆ ಸಿಕ್ಕ ಉತ್ತರ ಭಾರ. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿ ಹೆಸರಾದ ಜಿ. ಪಿ. ಸ್ಯಾಂಡರ್ಸನ್ ಆನೆ, ಕಾಟಿಗಳಿಗೆ 4 ಬೋರ್, 8 ಬೋರ್ ಕೋವಿಗಳನ್ನೇ ಹಿಡಿದವರು. ಒಂದು ಪೌಂಡ್ ಸೀಸದಿಂದ ಎಷ್ಟು ಗೋಲಿ ಎರೆಯಬಹುದೋ ಅದೇ ಬೋರಿನ ಸಂಖ್ಯೆ. ಹಾಗಾಗಿ 4 ಬೋರಿನ ಗೋಲಿ ಕಾಲು ಪೌಂಡ್, ಅಂದರೆ 113 ಗ್ರಾಂ ತೂಗುತ್ತಿತ್ತು. ಕಪ್ಪು ಮದ್ದಿನಿಂದ ಗುಂಡಿಗೆ ಹೆಚ್ಚು ವೇಗ ಬರುತ್ತಿರಲಿಲ್ಲ. ವೇಗದ ಕೊರತೆಯನ್ನು ತೂಕದಿಂದ ತುಂಬಬೇಕಿತ್ತು. ಬರೀ ಸೀಸ ಮೂಳೆಗೆ ಬಡಿದು ಚಪ್ಪಟೆಯಾಗುತ್ತದೆಂದು ತವರವನ್ನೋ ಪಾದರಸವನ್ನೋ ಬೆರೆಸಿ ಗಟ್ಟಿ ಮಾಡುತ್ತಿದ್ದರು. ಈಡು ಹಾರಿದರೆ ಹೆಗಲು ನೆನಪಿಟ್ಟುಕೊಳ್ಳುವಂಥ ಒದೆತ, ಎದುರಿಗೆ ಹೊಗೆಯ ಪರದೆ; ಪ್ರಾಣಿ ಬಿತ್ತೋ ಮೈಮೇಲೆ ಬರುತ್ತಿದೆಯೋ ತಿಳಿಯಲು ಹೊಗೆ ಚದುರುವವರೆಗೆ ಕಾಯಬೇಕು.

1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂದು ಲೆಕ್ಕವೆಲ್ಲ ಬದಲಾಯಿತು. ವೇಗ ಏರಿತು, ನಳಿಗೆ ಸಣ್ಣದಾಯಿತು. ಆ ವೇಗಕ್ಕೆ ಬರೀ ಸೀಸ ನಳಿಗೆಯ ಸುರುಳಿಗಾಡಿಗಳಲ್ಲಿ ಉಜ್ಜಿ ಕಿತ್ತುಬರುತ್ತಿದ್ದರಿಂದ ಗುಂಡಿಗೆ ಗಟ್ಟಿ ಲೋಹದ ಕವಚ ತೊಡಿಸಿದರು. ಆದರೆ ಕವಚ ಪೂರ್ತಿ ಮುಚ್ಚಿದ ಗುಂಡು ಸಣ್ಣ ತೂತು ಮಾಡಿ ಆಚೆಗೆ ಹಾರಿಹೋಗುತ್ತಿತ್ತು. ಕಲ್ಕತ್ತೆಯ ಬಳಿಯ ಡಮ್‌ಡಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಗುಂಡಿನ ಮೂತಿಯ ಕವಚ ಬಿಡಿಸಿ ಸೀಸವನ್ನು ಹೊರಗೆ ಕಾಣಿಸಿದರು. ಅದು ಮೈಯೊಳಗೆ ಅಣಬೆಯಂತೆ ಅರಳುತ್ತಿತ್ತು. ಮನುಷ್ಯರ ಮೇಲೆ ಇಂಥ ಗುಂಡು ಕೂಡದೆಂದು 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ತಡೆಯಿತು. ಬೇಟೆಯಲ್ಲಿ ಮಾತ್ರ ಅದು ಉಳಿಯಿತು. ತೆಳು ಚರ್ಮದ ಹುಲಿ, ಕಡವೆಗಳಿಗೆ ಅರಳುವ ಸಾಫ್ಟ್ ನೋಸ್. ಆನೆ, ಕಾಟಿಗಳ ದಪ್ಪ ಮೂಳೆ ದಾಟಲು ಪೂರ್ತಿ ಕವಚದ ಸಾಲಿಡ್. ಹುಲಿಗೆ ಸಾಲಿಡ್ ಹೊಡೆದರೆ ಅದು ತೂತು ಬಿದ್ದ ಮೈಯಲ್ಲೇ ಓಡುತ್ತದೆ. ಆನೆಯ ತಲೆಗೆ ಸಾಫ್ಟ್ ನೋಸ್ ಹೊಡೆದರೆ ಅದು ಮಿದುಳಿಗೆ ಮುಟ್ಟುವ ಮೊದಲೇ ಚದುರುತ್ತದೆ. ಬೋರಿಗಿಂತ ಈ ವ್ಯತ್ಯಾಸವೇ ದೊಡ್ಡದು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವನು ಉಗಾಂಡದ ಕರಮೋಜದಲ್ಲಿ ದಂತಕ್ಕಾಗಿ ಅಲೆದ ಡಬ್ಲ್ಯು. ಡಿ. ಎಂ. ಬೆಲ್. ಸತ್ತ ಆನೆಗಳ ತಲೆಬುರುಡೆ ಸೀಳಿಸಿ ಮಿದುಳು ಎಲ್ಲಿದೆ, ಯಾವ ಕೋನದಿಂದ ಸಿಗುತ್ತದೆ ಎಂದು ಕಲಿತ. ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಬಹುಪಾಲು 7 ಮಿ.ಮೀ. ಮೌಸರ್ ರೈಫಲ್ಲಿನಿಂದ, 11 ಗ್ರಾಮಿನ ಸಾಲಿಡ್ ಗುಂಡಿನಿಂದ. ಕೊಂದ ಆನೆಗಳ ಸಂಖ್ಯೆ ಓದಿದರೆ ಇಂದು ಕರುಳು ಕಿವುಚುತ್ತದೆ. ಅವನ ಕೈಚಳಕವಿಲ್ಲದವರು ಅವನ ಸಣ್ಣ ತೋಟಾವನ್ನು ಅನುಕರಿಸಿದರೆ ಗಾಯಾಳು ಆನೆಗಳೇ ಹೆಚ್ಚುತ್ತಿದ್ದವು. ದೊಡ್ಡದನ್ನು ಹೊರಲಾರದ, ಸಣ್ಣದನ್ನು ನಂಬಲಾರದ ಸಾಮಾನ್ಯ ಬೇಟೆಗಾರನಿಗೆ ನಡುವಿನದೊಂದು ಬೇಕಿತ್ತು. ಮೀಡಿಯಂ ಬೋರ್ ಹುಟ್ಟಿದ್ದು ಈ ಅಗತ್ಯದಿಂದ. ಬರ್ಲಿನ್ನಿನ ಒಟ್ಟೊ ಬಾಕ್ 1905ರಲ್ಲಿ 9.3 ಮಿ.ಮೀ. ತೋಟಾ ತಂದ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ 1912ರಲ್ಲಿ .375 ಇಂಚಿನ ಮ್ಯಾಗ್ನಂ ತಂದಿತು.

.375 ತೋಟಾವನ್ನು ಕೈಯಲ್ಲಿ ಹಿಡಿದು ನೋಡಿದರೆ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಹಿತ್ತಾಳೆ ಚಿಪ್ಪು ಬುಡದಿಂದ ತುದಿಗೆ ನಿಧಾನವಾಗಿ ಸಪೂರವಾಗುತ್ತದೆ, ಬುಡದಲ್ಲಿ ಬಳೆಯಂತೆ ಒಂದು ಉಬ್ಬುಪಟ್ಟಿ ಇದೆ. ಕಾರ್ಡೈಟ್ ಮದ್ದು ಉಷ್ಣದೇಶದ ಬಿಸಿಲಲ್ಲಿ ಕಾದರೆ ಒತ್ತಡ ಏರಿ ಚಿಪ್ಪು ನಳಿಗೆಯಲ್ಲೇ ಅಂಟಿಕೊಳ್ಳುವ ಭಯ. ಇಳಿಜಾರು ಮೈಯ ಚಿಪ್ಪು ಸಲೀಸಾಗಿ ಹೊರಬರುತ್ತದೆ. ಗಾಯಗೊಂಡ ಕಾಟಿ ಎದುರಿಗಿದ್ದಾಗ ಎರಡನೇ ಈಡು ಸಿಗುವುದು ಬಿಡುವುದು ಇದರ ಮೇಲಿತ್ತು. .375ಕ್ಕೆ 235, 270, 300 ಗ್ರೇನಿನ ಮೂರು ತೂಕದ ಗುಂಡುಗಳು ಬಂದವು. ಒಂದೇ ರೈಫಲ್ ಜಿಂಕೆಗೂ ಆಯಿತು, ಆನೆಗೂ ಆಯಿತು.

ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಹಿಡಿದದ್ದು ಬೇರೆಯದು: ವಿಂಚೆಸ್ಟರ್ 1895 ಮಾದರಿಯ ರೈಫಲ್, .405 ತೋಟಾ. ತೇಜಸ್ವಿಯವರ ಕಾಡಿನ ಕಥೆಗಳನ್ನು ಓದಿದವರಿಗೆ ಆಂಡರ್ಸನ್ ಪರಿಚಿತರೇ. .405ರ ಗುಂಡೂ .375ರ ಭಾರದ ಗುಂಡೂ 300 ಗ್ರೇನೇ. ಆದರೆ .405ರದು ದಪ್ಪ, ಗಿಡ್ಡ. ವೇಗವೂ ಕಡಿಮೆ, ಸೆಕೆಂಡಿಗೆ 2200 ಅಡಿ. .375ರದು ಸಪೂರ, ಉದ್ದ. ವೇಗ 2500 ಅಡಿಯ ಆಸುಪಾಸು. ಮೂಳೆ ದಾಟಿ ಒಳನುಗ್ಗುವುದು ಉದ್ದದ್ದು. ಹತ್ತಿರದಿಂದ ಹೊಡೆಯುವ ಹುಲಿ, ಚಿರತೆಗಳಿಗೆ .405 ಸಾಕಾಗಿತ್ತು. ಕಾಟಿಗೆ, ಆನೆಗೆ .375ರ ಕಡೆಗೇ ತೂಕ ಬೀಳುತ್ತದೆ.

ಭಾರತದಲ್ಲಿ ಆಯ್ಕೆಯ ಮೇಲೆ ಸರ್ಕಾರದ ಕೈಯೂ ಇತ್ತು. ಸೇನೆಯ ಕೋವಿಗೆ ಹೊಂದುವ ತೋಟಾ ಜನರ ಕೈ ಸೇರಬಾರದೆಂದು ಬ್ರಿಟಿಷರು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ .450 ಬೋರಿನ ಆಮದು ತಡೆದರು. ಕಾರ್ಖಾನೆಗಳು ಕೂಡಲೇ .465, .470, .475 ಎಂದು ಹೊಸ ಅಳತೆ ಹೊರಡಿಸಿದವು. .303 ಕೂಡ ನಾಗರಿಕರಿಗೆ ನಿಷಿದ್ಧ. ಅದರ ಜಾಗಕ್ಕೆ ಆಸ್ಟ್ರಿಯದ ಹಳೆಯ ಮಾನ್‌ಲಿಖರ್ ತೋಟಾ .315 ಎಂಬ ಹೆಸರಲ್ಲಿ ಬಂತು. ಸ್ವಾತಂತ್ರ್ಯಾನಂತರ ಇಛಾಪುರದ ಸರ್ಕಾರಿ ಕಾರ್ಖಾನೆ ಅದೇ .315 ರೈಫಲ್ ತಯಾರಿಸಿತು.

ಇಷ್ಟಾದರೂ ಮಲೆನಾಡು, ಕೊಡಗಿನ ಬಹುತೇಕ ಮನೆಗಳಲ್ಲಿದ್ದದ್ದು ರೈಫಲ್ ಅಲ್ಲ, ಕೇಪಿನ ಕೋವಿ. ಅನುಕೂಲಸ್ಥರಲ್ಲಿ 12 ಬೋರಿನ ಜೋಡಿ ನಳಿಗೆ. ಕೊಡವರಿಗೆ ಬ್ರಿಟಿಷರ ಕಾಲದಿಂದಲೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಗದ್ದೆಗೆ ನುಗ್ಗಿದ ಹಂದಿಗೆ ಈ ಕೋವಿಗಳು ಸಾಕಾಗುತ್ತಿದ್ದವು. ಅದೇ ಕೋವಿಯಿಂದ ಕಾಟಿಗೋ ಹುಲಿಗೋ ಚರೆ ಹಾರಿಸಿದರೆ ಪ್ರಾಣಿ ಸಾಯದೆ, ಕೊಳೆಯುವ ಗಾಯ ಹೊತ್ತು ತಿರುಗುತ್ತಿತ್ತು. ಲಂಡನ್ನಿನ ಬಂದೂಕುಗಾರರು ಎಷ್ಟು ಒಳ್ಳೆಯ ತೋಟಾ ಮಾಡಿದರೂ ಅದರ ಬೆಲೆ ಕೊಡಬಲ್ಲವರು ಕೆಲವೇ ಮಂದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರ ತಿದ್ದುಪಡಿ ಬಂದ ಮೇಲೆ ಈ ದೇಶದಲ್ಲಿ ಶಿಕಾರಿಗೆ ತೋಟಾ ಆರಿಸುವ ಪ್ರಶ್ನೆಯೇ ಉಳಿಯಲಿಲ್ಲ. ಆದರೆ ಬೇಟೆಗೆ ಇಂದಿಗೂ ಪರವಾನಗಿ ಕೊಡುವ ಆಫ್ರಿಕದ ಹಲವು ದೇಶಗಳಲ್ಲಿ ಆನೆ, ಕಾಡೆಮ್ಮೆಗಳಿಗೆ .375ಕ್ಕಿಂತ ಸಣ್ಣ ತೋಟಾ ಕೂಡದೆಂಬ ನಿಯಮವಿದೆ.