ಲೆಸ್ ಕುರ್ಬಾಸ್: ವಸ್ತುಸಂಗ್ರಹಾಲಯಗಳಲ್ಲಿ ಮರುಜೀವ ಪಡೆದ ಉಕ್ರೇನ್ ರಂಗಭೂಮಿ

ಲೆಸ್ ಕುರ್ಬಾಸ್ (1887–1937) ಉಕ್ರೇನಿನ ಪ್ರಯೋಗಶೀಲ ರಂಗಭೂಮಿಯ ಪ್ರವರ್ತಕ ನಿರ್ದೇಶಕ. ಕೀವ್ ಮತ್ತು ಖಾರ್ಕಿವ್ ನಗರಗಳಲ್ಲಿ ಕಾರ್ಯನಿರ್ವಹಿಸಿದ ‘ಬೆರೆಜಿಲ್’ ರಂಗಸಂಸ್ಥೆಯ ಸ್ಥಾಪಕ. 1933ರಲ್ಲಿ ಬಂಧನಕ್ಕೊಳಗಾಗಿ 1937ರಲ್ಲಿ ಗುಂಡೇಟಿಗೆ ಬಲಿಯಾದ ಆತನ ಹೆಸರನ್ನು ಸೋವಿಯತ್ ಆಡಳಿತ ದೀರ್ಘಕಾಲ ಅಳಿಸಿಹಾಕಿತ್ತು. ಆತನ ನಾಟಕಗಳನ್ನು ಕಣ್ಣಾರೆ ಕಂಡ ಪೀಳಿಗೆ ಈಗಿಲ್ಲ. ಆದರೂ ಕಳೆದ ಕೆಲವು ವರ್ಷಗಳಲ್ಲಿ ನ್ಯೂಯಾರ್ಕ್, ಕೀವ್, ಮ್ಯಾಡ್ರಿಡ್, ಲಂಡನ್ ಮೊದಲಾದ ನಗರಗಳಲ್ಲಿ ನಡೆದ ಪ್ರದರ್ಶನಗಳು ಆ ರಂಗಭೂಮಿಯನ್ನು ಮತ್ತೆ ಜನರ ಮುಂದಿಟ್ಟಿವೆ. ಇದು ಸಾಧ್ಯವಾದದ್ದು ಬಹುಮಟ್ಟಿಗೆ ಕುರ್ಬಾಸ್ ಮತ್ತು ಆತನ ಸಂಗಡಿಗರು 1923ರಲ್ಲಿ ಕೈಗೊಂಡ ಒಂದು ನಿರ್ಧಾರದಿಂದ ಎಂಬುದು ಗಮನಾರ್ಹ.

ಸಂಗ್ರಹದ ಮೂಲ

ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ, ಕವಿತೆ ಪುಸ್ತಕದಲ್ಲಿ ಉಳಿಯುತ್ತದೆ. ರಂಗಪ್ರಯೋಗವಾದರೋ ತೆರೆ ಬೀಳುತ್ತಲೇ ಮುಗಿದುಹೋಗುತ್ತದೆ. ಈ ಸತ್ಯವನ್ನು ಬೆರೆಜಿಲ್‌ನವರು ಮೊದಲೇ ಅರಿತಿದ್ದರು. ಸಂಸ್ಥೆ ಹುಟ್ಟಿದ ಮರುವರ್ಷವೇ, ಅಂದರೆ 1923ರಲ್ಲಿ, ಅವರು ತಮ್ಮದೇ ಆದ ರಂಗಭೂಮಿ ವಸ್ತುಸಂಗ್ರಹಾಲಯವನ್ನು ಆರಂಭಿಸಿದರು. ಈ ಕಾರ್ಯದಲ್ಲಿ ನಟ ಹಾಗೂ ನಿರ್ದೇಶಕ ವಸಿಲ್ ವಸಿಲ್ಕೊನ ಪಾತ್ರ ಹಿರಿದು. ಛಾಯಾಚಿತ್ರಗಳು, ಭಿತ್ತಿಪತ್ರಗಳು, ವೇಷಭೂಷಣದ ರೇಖಾಚಿತ್ರಗಳು, ರಂಗಸಜ್ಜಿಕೆಯ ಮಾದರಿಗಳು ಹೀಗೆ ಒಂದೆಡೆ ಸೇರತೊಡಗಿದವು.

ಆ ಪುಟ್ಟ ಸಂಗ್ರಹವೇ ಬೆಳೆದು ಇಂದಿನ ಉಕ್ರೇನ್ ರಂಗಭೂಮಿ, ಸಂಗೀತ ಹಾಗೂ ಸಿನಿಮಾ ವಸ್ತುಸಂಗ್ರಹಾಲಯವಾಗಿದೆ. ಇದು ಕೀವ್‌ನ ಪ್ರಾಚೀನ ಪೆಚೆರ್ಸ್ಕ್ ಲಾವ್ರಾ ಮಠದ ಆವರಣದಲ್ಲಿದೆ. ಸ್ಥಾಪಕನ ಹೆಸರು ಹೇಳುವುದೇ ಅಪರಾಧವೆನಿಸಿದ ಕಾಲವನ್ನೂ ದಾಟಿ ಈ ಸಂಗ್ರಹ ಉಳಿದುಬಂದಿತು.

ಬದುಕು ಮತ್ತು ರಂಗಕಾರ್ಯ

ಕುರ್ಬಾಸ್ 1887ರ ಫೆಬ್ರವರಿ 25ರಂದು ಅಂದಿನ ಆಸ್ಟ್ರಿಯಾ–ಹಂಗರಿ ಸಾಮ್ರಾಜ್ಯಕ್ಕೆ ಸೇರಿದ್ದ ಗಲೀಷಿಯಾ ಪ್ರಾಂತದ ಸಾಂಬಿರ್ ಪಟ್ಟಣದಲ್ಲಿ ಜನಿಸಿದ. ತಂದೆತಾಯಿ ಇಬ್ಬರೂ ವೃತ್ತಿನಿರತ ನಟರು. ವಿಯೆನ್ನಾ ಮತ್ತು ಲ್ವಿವ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿದ ಆತನಿಗೆ ಯೂರೋಪಿನ ಹೊಸ ರಂಗಚಿಂತನೆಗಳ ನೇರ ಪರಿಚಯವಿತ್ತು. ಹಳ್ಳಿಯ ಬದುಕಿನ ನಾಟಕಗಳಿಗೆ, ಹಾಡು ಕುಣಿತಗಳಿಗೆ ಸೀಮಿತವಾಗಿದ್ದ ಉಕ್ರೇನ್ ರಂಗಭೂಮಿಯನ್ನು ವಿಶ್ವನಾಟಕದ ಸಾಲಿಗೆ ತರಬೇಕೆಂಬುದು ಆತನ ಹಂಬಲವಾಗಿತ್ತು.

ಕೀವ್‌ನಲ್ಲಿ ಆತ ಕಟ್ಟಿದ ‘ಮೊಲೊದಿ ತೆಯಾತ್ರ್’, ಅಂದರೆ ಯುವ ರಂಗಭೂಮಿ, 1918ರಲ್ಲಿ ಸೋಫೊಕ್ಲಿಸ್‌ನ ‘ಈಡಿಪಸ್’ ನಾಟಕವನ್ನು ಉಕ್ರೇನಿಯನ್ ಭಾಷೆಯಲ್ಲಿ ಪ್ರಯೋಗಿಸಿತು. ಅಂತರ್ಯುದ್ಧದ ನಡುವೆ, 1920ರಲ್ಲಿ, ಬಿಲಾ ತ್ಸೆರ್ಕ್ವಾ ಪಟ್ಟಣದಲ್ಲಿ ಆಡಿದ ‘ಮ್ಯಾಕ್‌ಬೆತ್’ ಉಕ್ರೇನಿಯನ್ ಭಾಷೆಯ ಮೊದಲ ಷೇಕ್ಸ್‌ಪಿಯರ್ ಪ್ರಯೋಗವೆಂದು ಹೆಸರಾಗಿದೆ. ಅದರ ಮುಖ್ಯಪಾತ್ರವನ್ನು ಕುರ್ಬಾಸ್ ಸ್ವತಃ ವಹಿಸಿದ್ದ.

ಬೆರೆಜಿಲ್ 1922ರ ಮಾರ್ಚ್‌ನಲ್ಲಿ ಕೀವ್‌ನಲ್ಲಿ ಸ್ಥಾಪನೆಯಾಯಿತು. ಮಾರ್ಚ್ ತಿಂಗಳ ಹಳೆಯ ಹೆಸರೇ ಅದಕ್ಕೆ ಹೆಸರಾಯಿತು. ಅದು ಕೇವಲ ನಾಟಕ ಮಂಡಳಿಯಾಗಿರಲಿಲ್ಲ. ಹಲವು ಕಾರ್ಯಾಗಾರಗಳು, ನಿರ್ದೇಶಕರಿಗಾಗಿಯೇ ಒಂದು ಪ್ರಯೋಗಶಾಲೆ, ಸ್ವಂತ ಪತ್ರಿಕೆ ಇದ್ದ ವಿಶಾಲ ಕಲಾಸಂಘಟನೆಯಾಗಿತ್ತು. ‘ಪರಿವರ್ತನೆ’ ಎಂಬುದು ಕುರ್ಬಾಸ್‌ನ ಮುಖ್ಯ ಪರಿಕಲ್ಪನೆ. ವಾಸ್ತವವನ್ನು ಇದ್ದಂತೆಯೇ ಅನುಕರಿಸದೆ, ಅದರ ಒಳಗುಟ್ಟನ್ನು ಹೊರಗೆಡಹುವ ರೂಪಕವನ್ನು ದೇಹ, ಲಯ ಹಾಗೂ ವಸ್ತುಗಳ ಮೂಲಕ ರಂಗದ ಮೇಲೆ ಸೃಷ್ಟಿಸುವುದು ಇದರ ಸಾರ.

ಮೂರು ಹೆಸರಾಂತ ಪ್ರಯೋಗಗಳು

ಜರ್ಮನ್ ನಾಟಕಕಾರ ಗೆಯೋರ್ಗ್ ಕೈಸರ್‌ನ ‘ಗ್ಯಾಸ್’ (1923) ಪ್ರಯೋಗದಲ್ಲಿ ಕಾರ್ಖಾನೆಯ ಯಂತ್ರಗಳನ್ನು ನಟರ ದೇಹಗಳೇ ರೂಪಿಸಿದವು. ಗುಂಪಾಗಿ, ಒಂದೇ ಲಯದಲ್ಲಿ ಚಲಿಸುವ ಕೈಕಾಲುಗಳು ಗಾಲಿ ದಂಡಗಳಂತೆ ತೋರುತ್ತಿದ್ದವು. ಅಪ್ಟನ್ ಸಿಂಕ್ಲೇರ್‌ನ ಕಾದಂಬರಿಯನ್ನಾಧರಿಸಿದ ‘ಜಿಮ್ಮಿ ಹಿಗ್ಗಿನ್ಸ್’ (1923) ರಂಗಕ್ರಿಯೆಯ ಜೊತೆಯಲ್ಲಿ ಚಲನಚಿತ್ರದ ತುಣುಕುಗಳನ್ನು ಹೆಣೆಯಿತು.

1924ರ ‘ಮ್ಯಾಕ್‌ಬೆತ್’ ಇನ್ನೂ ಮುಂದೆ ಹೋಯಿತು. ಅರಮನೆ, ಕಾಡುಗಳ ದೃಶ್ಯಪರದೆಗಳ ಬದಲು ಹಸಿರು ಫಲಕಗಳು ಮೇಲಿನಿಂದ ಇಳಿಯುತ್ತಿದ್ದವು. ಸ್ಥಳ ಯಾವುದೆಂಬುದನ್ನು ಅವುಗಳ ಮೇಲೆ ಅಕ್ಷರಗಳಲ್ಲಿ ಬರೆಯಲಾಗಿತ್ತು. ನಾಟಕದ ಕೊನೆಯಲ್ಲಿ ಹೊಸ ಅರಸನಿಗೆ ಕಿರೀಟ ತೊಡಿಸುತ್ತಿದ್ದಂತೆಯೇ ಮತ್ತೊಬ್ಬ ಆತನನ್ನು ಕೊಂದು ಕಿರೀಟ ಪಡೆಯುತ್ತಾನೆ, ಆತನನ್ನು ಮಗದೊಬ್ಬ. ಅಧಿಕಾರದ ದಾಹಕ್ಕೆ ಕೊನೆಯಿಲ್ಲವೆಂಬುದನ್ನು ಮಾತಿಲ್ಲದೆ ಹೇಳಿದ ದೃಶ್ಯವಿದು. ಅದೇ ವರ್ಷದ ಆರಂಭದಲ್ಲಿ ಲೆನಿನ್ ತೀರಿಕೊಂಡಿದ್ದ ಎಂಬುದನ್ನು ನೆನೆದರೆ ದೃಶ್ಯದ ಧೈರ್ಯ ಅರಿವಾಗುತ್ತದೆ.

ಈ ಮೂರಕ್ಕೂ ರಂಗವಿನ್ಯಾಸ ಬೆರೆಜಿಲ್‌ನ ಪ್ರಧಾನ ಕಲಾವಿದ ವಾದಿಮ್ ಮೆಲ್ಲರ್‌ನದು. 1925ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಅಲಂಕಾರಿಕ ಕಲೆಗಳ ಪ್ರದರ್ಶನದಲ್ಲಿ ಆತನ ರಂಗಸಜ್ಜಿಕೆಯ ಮಾದರಿಯೊಂದು ಚಿನ್ನದ ಪದಕ ಗಳಿಸಿತು. ಹೊರದೇಶದ ಪ್ರೇಕ್ಷಕರಿಗೆ ಬೆರೆಜಿಲ್‌ನ ಪರಿಚಯವಾದದ್ದು ಆಗಲೂ ಪ್ರದರ್ಶನವೊಂದರ ಮೂಲಕವೇ.

ಖಾರ್ಕಿವ್‌ನಿಂದ ಸಂದರ್ಮೋಖ್‌ವರೆಗೆ

1926ರಲ್ಲಿ ಬೆರೆಜಿಲ್ ಅಂದಿನ ರಾಜಧಾನಿ ಖಾರ್ಕಿವ್‌ಗೆ ಸ್ಥಳಾಂತರಗೊಂಡಿತು. ಅಲ್ಲಿ ಕುರ್ಬಾಸ್‌ಗೆ ನಾಟಕಕಾರ ಮಿಕೋಲಾ ಕುಲಿಶ್‌ನ ಸಹಯೋಗ ದೊರೆಯಿತು. ಮಾನವಕುಲವನ್ನೇ ತಿದ್ದಲು ಹೊರಟ ಅಂಚೆಯವನ ಕಥೆಯಾದ ‘ನರೋದ್ನಿ ಮಲಾಖಿ’ (1928), ತನ್ನ ಉಕ್ರೇನಿಯನ್ ಮನೆತನದ ಹೆಸರಿಗೆ ನಾಚಿ ಅದನ್ನು ಬದಲಾಯಿಸಹೊರಟವನ ಪ್ರಹಸನ ‘ಮಿನಾ ಮಜೈಲೊ’ (1929) ನಾಟಕಗಳು ಆಡಳಿತದ ಕೆಂಗಣ್ಣಿಗೆ ಗುರಿಯಾದವು.

1933ರಲ್ಲಿ ಉಕ್ರೇನ್ ಭೀಕರ ಕ್ಷಾಮಕ್ಕೆ ತುತ್ತಾಗಿತ್ತು. ಅದೇ ವರ್ಷ ಕುಲಿಶ್‌ನ ‘ಮಕ್ಲೇನಾ ಗ್ರಾಸಾ’ ರಂಗಕ್ಕೆ ಬಂದಿತು. ಬೆರೆಜಿಲ್‌ನಲ್ಲಿ ಕುರ್ಬಾಸ್‌ನ ಕಡೆಯ ಪ್ರಯೋಗವೂ ಅದೇ ಆಯಿತು. ಅಕ್ಟೋಬರ್‌ನಲ್ಲಿ ಆತನನ್ನು ಹುದ್ದೆಯಿಂದ ಕಿತ್ತುಹಾಕಲಾಯಿತು. ಮಾಸ್ಕೋಗೆ ತೆರಳಿ ಅಲ್ಲಿನ ಯಹೂದಿ ರಂಗಮಂದಿರದಲ್ಲಿ ‘ಕಿಂಗ್ ಲಿಯರ್’ ಸಿದ್ಧತೆಯಲ್ಲಿ ತೊಡಗಿದ್ದಾಗ ಡಿಸೆಂಬರ್‌ನಲ್ಲಿ ಬಂಧಿಸಲಾಯಿತು. ಬಿಳಿ ಸಮುದ್ರ ಕಾಲುವೆಯ ಶಿಬಿರ ಹಾಗೂ ಸೊಲೊವ್ಕಿ ದ್ವೀಪಗಳ ಸೆರೆಮನೆಯಲ್ಲಿಯೂ ಆತ ಕೈದಿಗಳಿಂದ ನಾಟಕ ಆಡಿಸಿದ. 1937ರ ನವೆಂಬರ್ 3ರಂದು ಕರೇಲಿಯಾದ ಸಂದರ್ಮೋಖ್ ಕಾಡಿನಲ್ಲಿ ಕುರ್ಬಾಸ್ ಮತ್ತು ಕುಲಿಶ್ ಇಬ್ಬರನ್ನೂ ಗುಂಡಿಟ್ಟು ಕೊಲ್ಲಲಾಯಿತು.

1957ರಲ್ಲಿ ಕುರ್ಬಾಸ್ ನಿರ್ದೋಷಿಯೆಂದು ಘೋಷಿತನಾದರೂ ಸತ್ಯ ಹೊರಬರಲಿಲ್ಲ. ಆತ 1942ರಲ್ಲಿ ತೀರಿಕೊಂಡನೆಂಬ ಸುಳ್ಳು ಮಾಹಿತಿಯೇ ಹಳೆಯ ಆಕರಗ್ರಂಥಗಳಲ್ಲಿ ಮುಂದುವರಿಯಿತು. ಸಾಮೂಹಿಕ ಸಮಾಧಿಯ ತಾಣ ಪತ್ತೆಯಾದದ್ದು 1997ರಲ್ಲಿ.

ಪ್ರದರ್ಶನಗಳು

ನ್ಯೂಯಾರ್ಕ್‌ನ ಉಕ್ರೇನಿಯನ್ ಮ್ಯೂಸಿಯಂ 2015ರಲ್ಲಿ 1910 ಮತ್ತು 1920ರ ದಶಕಗಳ ಉಕ್ರೇನ್ ರಂಗವಿನ್ಯಾಸವನ್ನು ಕುರಿತು ಪ್ರದರ್ಶನ ಏರ್ಪಡಿಸಿತು. ಕೀವ್‌ನ ಸಂಗ್ರಹದಿಂದ ಬಂದ ಅಲೆಕ್ಸಾಂಡ್ರಾ ಎಕ್ಸ್‌ಟರ್, ಅನಾತೋಲ್ ಪೆಟ್ರಿಟ್ಸ್ಕಿ, ಮೆಲ್ಲರ್ ಮೊದಲಾದವರ ಕೃತಿಗಳು ಅಲ್ಲಿದ್ದವು.

ಕುರ್ಬಾಸ್‌ನನ್ನೇ ಕೇಂದ್ರವಾಗಿಟ್ಟುಕೊಂಡ ದೊಡ್ಡ ಪ್ರದರ್ಶನ ‘ಕುರ್ಬಾಸ್: ಹೊಸ ಲೋಕಗಳು’ 2018ರ ಕೊನೆಯ ತಿಂಗಳುಗಳಲ್ಲಿ ಕೀವ್‌ನ ಮಿಸ್ತೆತ್ಸ್ಕಿ ಆರ್ಸೆನಲ್ ಭವನದಲ್ಲಿ ನಡೆಯಿತು. ಹಿಂದೆ ಶಸ್ತ್ರಾಗಾರವಾಗಿದ್ದ ಈ ಕಟ್ಟಡ ಲಾವ್ರಾ ಮಠಕ್ಕೆ ಎದುರಾಗಿಯೇ ಇದೆ. ಬೆರೆಜಿಲ್‌ನ ಕಾಗದಪತ್ರಗಳು ರಸ್ತೆ ದಾಟಿ ಬಂದಂತಾಯಿತು. ಇದರ ಸಂಯೋಜಕರಲ್ಲಿ ಒಬ್ಬರಾದ ವೀರ್ಲಾನಾ ತ್ಕಾಚ್ ನ್ಯೂಯಾರ್ಕ್‌ನ ಯಾರಾ ಆರ್ಟ್ಸ್ ಗ್ರೂಪ್‌ನ ಸ್ಥಾಪಕಿ. ಆ ತಂಡದ 1990ರ ಮೊದಲ ನಾಟಕದ ವಸ್ತು ಕೂಡ ಕುರ್ಬಾಸ್‌ನ ಬದುಕೇ ಆಗಿತ್ತು.

2022ರ ಫೆಬ್ರವರಿಯಲ್ಲಿ ರಷ್ಯಾ ಪೂರ್ಣಪ್ರಮಾಣದ ಆಕ್ರಮಣ ಆರಂಭಿಸಿದ ನಂತರ ಪ್ರದರ್ಶನದ ಅರ್ಥವೇ ಬದಲಾಯಿತು. ಖಾರ್ಕಿವ್‌ನಲ್ಲಿ ಕುರ್ಬಾಸ್ ಮತ್ತು ಕುಲಿಶ್ ವಾಸಿಸಿದ್ದ ‘ಸ್ಲೊವೊ’ ಎಂಬ ಲೇಖಕರ ವಸತಿಗೃಹ ಆ ಮಾರ್ಚ್‌ನಲ್ಲಿ ಶೆಲ್ ದಾಳಿಗೆ ಸಿಲುಕಿ ಹಾನಿಗೊಂಡಿತು. ಕಲಾಕೃತಿಗಳ ರಕ್ಷಣೆಯ ಪ್ರಶ್ನೆಯೂ ಎದುರಾಯಿತು. ‘ಚಂಡಮಾರುತದ ಕಣ್ಣಿನಲ್ಲಿ’ ಎಂಬ ಹೆಸರಿನ ಸಂಚಾರಿ ಪ್ರದರ್ಶನಕ್ಕೆ ಕೃತಿಗಳನ್ನು ಹೊತ್ತ ವಾಹನಗಳು ಕೀವ್ ಬಿಟ್ಟದ್ದು ಆ ವರ್ಷದ ನವೆಂಬರ್ 15ರಂದು. ದೇಶದ ಮೇಲೆ ಭಾರಿ ಕ್ಷಿಪಣಿ ದಾಳಿ ನಡೆದದ್ದೂ ಅಂದೇ. ಮ್ಯಾಡ್ರಿಡ್‌ನ ಥೀಸನ್ ಸಂಗ್ರಹಾಲಯದಲ್ಲಿ ಆರಂಭವಾದ ಪ್ರದರ್ಶನ ಕಲೋನ್, ಬ್ರಸೆಲ್ಸ್, ವಿಯೆನ್ನಾಗಳ ಮೂಲಕ 2024ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯನ್ನು ತಲುಪಿತು. ಚಿತ್ರಕಲೆಯ ಜೊತೆಗೆ ರಂಗವಿನ್ಯಾಸಕ್ಕೂ ಅಲ್ಲಿ ಸ್ಥಾನ ದೊರೆಯಿತು.

ಉಳಿದದ್ದು, ಉಳಿಯದ್ದು

ಪ್ರದರ್ಶನಗಳಿಗೂ ಮಿತಿಯುಂಟು. 1920ರ ದಶಕದ ಮಧ್ಯಭಾಗದಲ್ಲಿ ಒಡೆಸಾದಲ್ಲಿ ಕುರ್ಬಾಸ್ ನಿರ್ದೇಶಿಸಿದ ಚಲನಚಿತ್ರಗಳು ಇಂದು ಉಳಿದಿಲ್ಲ. ‘ಗ್ಯಾಸ್’ ನಾಟಕದ ಛಾಯಾಚಿತ್ರದಲ್ಲಿ ದೇಹಗಳ ನಿಲುವು ಕಾಣುತ್ತದೆ, ಅವುಗಳ ಲಯ ಕೇಳಿಸದು. ಆದರೆ ಆ ಕಾಲದಲ್ಲಿ ನಾಶಕ್ಕೊಳಗಾದ ಉಕ್ರೇನ್ ಲೇಖಕ ಕಲಾವಿದರ ಪೀಳಿಗೆಯನ್ನು ‘ಗುಂಡಿಗೆ ಬಲಿಯಾದ ಪುನರುಜ್ಜೀವನ’ ಎಂದು ಕರೆಯಲಾಗುತ್ತದೆ. ಆ ಪೀಳಿಗೆ ಹೇಗೆ ಸತ್ತಿತೆಂಬುದನ್ನಷ್ಟೇ ಅಲ್ಲ, ಏನನ್ನು ಕಟ್ಟಿತ್ತೆಂಬುದನ್ನೂ ಈ ಮಾದರಿಗಳು, ರೇಖಾಚಿತ್ರಗಳು ತೋರಿಸುತ್ತವೆ. ಕುರ್ಬಾಸ್‌ನ ವಿಚಾರಣೆಗಾಗಿ ಪೊಲೀಸರು ಸಿದ್ಧಪಡಿಸಿದ ಕಡತ ಆತನನ್ನು ರಾಷ್ಟ್ರದ್ರೋಹಿಯೆಂದು ದಾಖಲಿಸಿತು. ಅದಕ್ಕೆ ಹತ್ತು ವರ್ಷ ಮೊದಲೇ ಆತನ ತಂಡ ತೆರೆದ ಇನ್ನೊಂದು ಕಡತ ಈಗ ಜಗತ್ತಿನ ಮುಂದಿದೆ.